ಹಸಿರು ದಾರದ ಸುರುಳಿ

ಎಳೆದಷ್ಟೂ ಬರುತ್ತಿತ್ತು ಹಸಿರು ದಾರ. ಚೂಟಿ ಒಂದು ಕೈಯಿಂದ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಉಂಡೆ ಸುತ್ತುತ್ತಿದ್ದಳು. ಕುಣಿಕೆಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುವುದನ್ನು ನೋಡಲು ಬಲು ಮಜವಾಗಿತ್ತು.

ಹಾಸಿಗೆಯ ಮೇಲೆ ಅಜ್ಜಿಯ ಬಿಸ್ಕೆಟ್ ಡಬ್ಬ ಬಾಯಿ ತೆರೆದು ಕೂತಿತ್ತು. ಅದರಲ್ಲಿ ಬಿಸ್ಕೆಟ್ ಕಂಡವರು ಮಾತ್ರ ಯಾರೂ ಇಲ್ಲ. ಇದ್ದದ್ದೆಲ್ಲ ಮಿಕ್ಕಿದ ಉಲ್ಲನ್: ಅಪ್ಪನ ಸ್ವೆಟರಿನ ನೀಲಿ, ಚೂಟಿಯ ಮೊದಲ ಟೋಪಿಯ ಹಳದಿ, ಯಾವುದರದೋ ಕೆಂಪು.

"ಗೇಣುದ್ದದ ದಾರಾನೂ ಬಿಸಾಕಬೇಡ, ಯಾವುದಕ್ಕಾದ್ರೂ ಆಗುತ್ತೆ" ಎನ್ನುತ್ತಿದ್ದಳು ಅಜ್ಜಿ. ಹೆಣೆಯಲು ಕಲಿಸಿದ್ದೂ ಅವಳೇ, ಚೂಟಿ ಎಂದು ಹೆಸರಿಟ್ಟದ್ದೂ ಅವಳೇ. ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಡಬ್ಬ ಇದ್ದಲ್ಲೇ ಉಳಿಯಿತು.

ಈಗ ಚೂಟಿ ಅದರಲ್ಲಿದ್ದ ಉಲ್ಲನ್ನಿನಿಂದ ಪೆನ್ಸಿಲ್ ತಲೆಗೆ ತೊಡಿಸುವ ಪುಟಾಣಿ ಟೋಪಿ ಮಾಡುತ್ತಿದ್ದಳು. ಕ್ಲಾಸಿನಲ್ಲಿ ಅದಕ್ಕೆ ಭಾರೀ ಡಿಮ್ಯಾಂಡು. ಪಕ್ಕದ ಬೆಂಚಿನ ಗೆಳತಿಗೆ ಹಸಿರೇ ಬೇಕಂತೆ. ಹುಡುಕಿದಾಗ ಡಬ್ಬದ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಹಸಿರು ಉಂಡೆ ಸಿಕ್ಕಿತ್ತು. ಅದಕ್ಕಂಟಿಕೊಂಡು, ಕಡ್ಡಿಯಲ್ಲೇ ನಿಂತುಹೋದ ಅರ್ಧಂಬರ್ಧ ಹೆಣಿಗೆ. ಯಾರಿಗೂ ಬೇಡದ್ದು ಅಂದುಕೊಂಡು ಚೂಟಿ ಕಡ್ಡಿ ಕಳಚಿಯೇ ಬಿಟ್ಟಿದ್ದಳು.

ಕೊನೆಯ ಕುಣಿಕೆ ಬಿಚ್ಚಿಕೊಳ್ಳುವ ಹೊತ್ತಿಗೆ ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಳು.

"ಅದನ್ಯಾಕೆ ಬಿಚ್ಚಿದೆಯೇ?"

"ಡಬ್ಬದಲ್ಲಿ ಸುಮ್ನೆ ಬಿದ್ದಿತ್ತಲ್ಲ ಅಂತ..."

ಅಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಬೀರು ತೆರೆದು, ಬಟ್ಟೆಗಳ ಅಡಿಯಿಂದ ಒಂದು ಹಸಿರು ಸಾಕ್ಸ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದೇ ಒಂದು.

"ದಿನವಿಡೀ ನಿಂತು ಕಾಲು ತಣ್ಣಗಾಗುತ್ತೆ ಅಂತ ಅಜ್ಜಿ ನಂಗೆ ಹೆಣೀತಿದ್ದಳು. ಇದು ಮುಗೀತು. ಅದು ಮುಗೀಲಿಲ್ಲ."

"ಮತ್ತೆ ನೀನೇ ಮುಗಿಸಬಹುದಿತ್ತಲ್ಲಮ್ಮ?"

"ನಂಗೆಲ್ಲಿ ಬರುತ್ತೆ? ಬಂದಿದ್ರೂ ಮುಗಿಸ್ತಿರಲಿಲ್ಲ. ಆಗಾಗ ತೆಗೆದು ನೋಡ್ತಿದ್ದೆ. ಇನ್ನೇನು ಅಡುಗೆಮನೆಯಿಂದ ಬಂದು ಮತ್ತೆ ಕಡ್ಡಿ ಹಿಡೀತಾಳೆ ಅನ್ನಿಸೋದು."

ಚೂಟಿಗೆ ಅಳು ಒತ್ತರಿಸಿಕೊಂಡು ಬಂತು. "ನಾನು ಮತ್ತೆ ಹೆಣೀತೀನಮ್ಮ" ಎಂದು ಉಂಡೆ ಹಿಡಿದು ಅಡುಗೆಮನೆಗೆ ಓಡಿ, ಪಾತ್ರೆಯಲ್ಲಿ ನೀರು ತುಂಬತೊಡಗಿದಳು.

"ನೀರು ಯಾಕೆ ಈಗ?" ಅಮ್ಮ ಹಿಂದೆಯೇ ಬಂದಳು.

"ಬಿಚ್ಚಿದ ಉಲ್ಲನ್ನಿಗೆ ಹಳೇ ನೆನಪು ಜಾಸ್ತಿಯಂತೆ. ಬಿಸಿನೀರಲ್ಲಿ ಅದ್ದಿ ಒಣಗಿಸಿದ್ರೆ ನೆಟ್ಟಗಾಗುತ್ತಂತೆ. ಅಜ್ಜಿ ಹೇಳಿದ್ದು."

ಅಮ್ಮ ದಾರದ ತುದಿ ಹಿಡಿದು ನೋಡಿದಳು. ಉದ್ದಕ್ಕೂ ಸಣ್ಣ ಸಣ್ಣ ಸುರುಳಿ.

"ಇದೇನಿದು?"

"ಅಜ್ಜಿ ಹಾಕಿದ್ದ ಕುಣಿಕೆಗಳು. ಅದ್ದಿದ್ರೆ ಹೋಗ್ತಾವೆ."

ಅಮ್ಮ ಪಾತ್ರೆಯ ನೀರನ್ನು ಚೆಲ್ಲಿಬಿಟ್ಟಳು. "ಅದ್ದಬೇಡ ಕಣೇ. ಹಾಗೇ ಹೆಣಿ."

ಚೂಟಿಗೆ ಸಾಕ್ಸಿನ ಹಿಮ್ಮಡಿಯ ತಿರುವು ಹೆಣೆಯಲು ಬರುತ್ತಿರಲಿಲ್ಲ. ಅಜ್ಜಿಯ ಪಾಠ ಅಲ್ಲಿಯವರೆಗೆ ಬಂದಿರಲೇ ಇಲ್ಲ. ದಿನಾ ಸ್ಕೂಲಿಂದ ಬಂದು ಕೂತು ಹೆಣೆದಳು. ಸುರುಳಿ ದಾರ ಹಿಡಿತಕ್ಕೆ ಸಿಗದೆ ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು. ಕೊನೆಗೆ ಅಮ್ಮ ಎರಡನ್ನೂ ತೊಟ್ಟಾಗ ಅಜ್ಜಿಯದು ಬಿಗಿಯಾಗಿ ಕೂತಿತು. ಚೂಟಿಯದು ಜಾರಿ ಪಾದದ ಮೇಲೆ ಬಿತ್ತು.

"ಇದರ ಹಿಮ್ಮಡಿ ಎಲ್ಲಿ ಹೋಯ್ತೇ?"

"ಲೀವ್ ಮೇಲಿದೆ."

ಅಮ್ಮ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಅವನ್ನು ಬಿಚ್ಚದೆ ಹಾಗೇ ಅಡುಗೆಗೆ ಹೋದಳು.

ಮಾರನೆಯ ದಿನ ಪಕ್ಕದ ಬೆಂಚಿನ ಗೆಳತಿಗೆ ಹಳದಿ ಟೋಪಿ ಸಿಕ್ಕಿತು. ಅವಳು ಮುಖ ಊದಿಸಿಕೊಂಡಳು.

ಸಾಕ್ಸಿನ ತುದಿಯಿಂದ ಕತ್ತರಿಸಿದ ಗೇಣುದ್ದದ ಹಸಿರು ದಾರ ಇನ್ನೂ ಅವಳ ಹತ್ತಿರ ಇತ್ತು. ಸಂಜೆ ಅದನ್ನು ಬೆರಳುಗಳಿಂದ ನೆಟ್ಟಗೆ ಎಳೆದಳು. ಬಿಟ್ಟಾಗ ಮತ್ತೆ ಸುರುಳಿಯಾಯಿತು. ಟೋಪಿಗೆ ಅದು ಏನೇನೂ ಸಾಲದು. ಚೂಟಿ ಅದನ್ನು ಅದೇ ಹಳೆಯ ಬಟ್ಟೆಯಲ್ಲಿ ಸುತ್ತಿ, ಅಮ್ಮ ಹುಡುಕಿದರೆ ಸಿಗುವಂತೆ ಡಬ್ಬದ ತಳದಲ್ಲಿಟ್ಟಳು.