ಯಾರದೂ ಅಲ್ಲದ ಕಣ್ಣು

ಹೈಪೋದ ವಾಸನೆ. ರೋಣದ ಆ ಹಳೆಯ ಸ್ಟುಡಿಯೊದ ಕದ ತೆರೆದೊಡನೆ ಪದ್ಮಶ್ರೀಯ ಮೂಗಿಗೆ ಬಡಿದದ್ದು ಅದೇ. ಹುಳಿ ಮಜ್ಜಿಗೆಯಲ್ಲಿ ಗಂಧಕ ಕಲಸಿದಂಥ, ಗಂಟಲಿಗಿಳಿದು ಅಲ್ಲೇ ಕೂರುವ ವಾಸನೆ. ಚಿಕ್ಕಂದಿನಲ್ಲಿ, ಹುಬ್ಬಳ್ಳಿಯ ಮನೆಯ ಮೆಟ್ಟಿಲ ಕೆಳಗಿನ ಕತ್ತಲೆಕೋಣೆಯಲ್ಲಿ ಅಪ್ಪ ಕೆಂಪು ದೀಪದಡಿ ಹೈಪೋ ದ್ರಾವಣದಲ್ಲಿ ಫೋಟೋ ತೊಳೆಯುವಾಗ ಅವಳು ಬಾಗಿಲ ಸಂದಿಗೆ ಮೂಗು ಹಚ್ಚಿ ಕೂತಿರುತ್ತಿದ್ದಳು. ಅಪ್ಪ ಹೋಗಿ, ಅಮ್ಮ ಹೋಗಿ, ಹತ್ತು ವರ್ಷ ಚಿಕ್ಕವಳಾದ ತಂಗಿ ನಮ್ರತಾಳನ್ನು ತಾನೇ ಬೆಳೆಸಿ, ಈಗ ಇಬ್ಬರೂ ಈ ಊರಿಗೆ ಬಂದಿದ್ದರು. ವಾಸನೆ ಮಾತ್ರ ಅವರಿಗಿಂತ ಮೊದಲೇ ಬಂದು ಕಾಯುತ್ತಿದ್ದಂತಿತ್ತು. ಪದ್ಮಶ್ರೀಗೆ ಯಾಕೋ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋಗಿ ಕಿಟಕಿ ತೆರೆದಳು.

ಸ್ಟುಡಿಯೊ ಬಿಟ್ಟುಕೊಡುತ್ತಿದ್ದ ಪ್ರಭುಲಿಂಗಪ್ಪನವರಿಗೆ ಎಪ್ಪತ್ತಾರು. ಹೊಸಬರು ಬರುತ್ತಾರೆಂದು ನೆಲ ಒರೆಸಿ, ಕೊಡದಲ್ಲಿ ಕುಡಿಯುವ ನೀರು ತುಂಬಿ, ಮೇಲೆ ಎರಡು ಲೋಟ ಬೋರಲು ಹಾಕಿಟ್ಟಿದ್ದರು. ಕೀಲಿಕೈ ಕೊಟ್ಟ ಮೇಲೂ ಹೊರಡಲಿಲ್ಲ. ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಎತ್ತಿದರು. ಒಳಗೆ ಗಾಜಿನ ಪಟ್ಟಿಗಳು. ಪ್ರತಿಯೊಂದರ ಮೇಲೂ ಸಣ್ಣ ಕುಂಚದಿಂದ ಬರೆದ ಒಂದೊಂದು ಜೊತೆ ಕಣ್ಣು. ಮಕ್ಕಳವು, ಹರೆಯದವು, ಪೊರೆ ಬಂದ ಮುದುಕರವು.

“ಇದೊಂದು ಮಾತ ನೆನಪಿಡ, ತಂಗಿ. ಸತ್ತವರ ಫೋಟೋ ತರ್ತಾರ. ಕಣ್ಣ ಮುಚ್ಚಿರ್ತಾವ. ತೆರಸಿಕೊಡ್ರಿ ಅಂತಾರ. ಆವಾಗ ಇದರಾಗಿಂದ ಹಚ್ಚು. ಇವು ಯಾರ ಕಣ್ಣೂ ಅಲ್ಲ, ನಾನ ಬರದಾವು. ಜೀವಂತ ಇದ್ದವರ ಕಣ್ಣ ಮಾತ್ರ ಹಚ್ಚಬ್ಯಾಡ.”

“ಹಚ್ಚಿದ್ರ ಏನಾಗ್ತದ್ರಿ?”

“ಮಾಟ ಆಗತೈತಿ.”

ಪದ್ಮಶ್ರೀ ನಕ್ಕುಬಿಟ್ಟಳು. “ಅಜ್ಜಾರ, ನನ್ನ ಕಂಪ್ಯೂಟರಿಗೆ ಮಾಟದ ಸಾಫ್ಟ್‌ವೇರ್ ಇನ್ನೂ ಹಾಕಿಸಿಲ್ರಿ.”

“ಭಾಳ ತುಟ್ಟಿ ಇರಬೇಕು ಅಕ್ಕಾ ಅದು. ವರ್ಷಾ ವರ್ಷಾ ನವೀಕರಣ ಬ್ಯಾರೆ,” ಎಂದಳು ನಮ್ರತಾ.

ಮುದುಕ ನಗಲಿಲ್ಲ. “ಮಾಟಾ ಮಾಡಾವ ಏನ ಮಾಡ್ತಾನ? ಜೀವಂತ ಇದ್ದವರ ಕೂದಲಾ, ಉಗುರು, ಉಟ್ಟ ಬಟ್ಟಿ ಚೂರು ತಂದು ಹೆಣದ ಸಂಗಾಟ ಇಡ್ತಾನ. ನೀ ಕಣ್ಣ ಇಟ್ರ? ಮಂತ್ರ ಬರದಿದ್ರೂ ಮಾಟ ಮಾಟನ.” ಡಬ್ಬಿಯನ್ನು ಅವಳ ಮುಂದೆ ಸರಿಸಿ, ಕೋಲೂರಿಕೊಂಡು ಹೊರಟುಹೋದರು.

ಡಬ್ಬಿ ಕಪಾಟಿನ ತುದಿಗೆ, ಖಾಲಿ ಪೆಟ್ಟಿಗೆಗಳ ಹಿಂದೆ ಹೋಯಿತು. ಮುಂದಿನ ಗಾಜಿನ ಅರೆಗಳಲ್ಲಿ ಹೊಸ ಸಾಮಾನು ಬಂದು ಕೂತಿತು. ಕಾಲೇಜು ಹುಡುಗರು ಕೇಳುವ ಹಗುರ ಟ್ರೈಪಾಡುಗಳು, ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಸಣ್ಣ ಬ್ಯಾಗು, ಮದುವೆ ಮಾಡುವವರಿಗೆ ಫ್ಲ್ಯಾಶು, ಮೈಕು, ಡ್ರೋನ್ ಬ್ಯಾಟರಿ. ನರಗುಂದದಿಂದ ಫೋಟೋಗ್ರಾಫರರು ಬಾಡಿಗೆಗೆ ಲೆನ್ಸ್ ಒಯ್ಯತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಅಂಗಡಿಗೆ ಕಳೆ ಬಂತು. ಹೈಪೋದ ವಾಸನೆ ಮಾತ್ರ ಹೋಗಲಿಲ್ಲ. ಎಷ್ಟು ಊದಿನಕಡ್ಡಿ ಹಚ್ಚಿದರೂ ಮಧ್ಯಾಹ್ನದ ಬಿಸಿಲೇರಿದಂತೆ ಗೋಡೆಯಿಂದ ಇಳಿದು ಬರುತ್ತಿತ್ತು.

ಒಂದು ದಿನ ಹೊಸ ಪೋರ್ಟ್ರೇಟ್ ಲೆನ್ಸ್ ಬಂತು. ಅದನ್ನು ಪರೀಕ್ಷಿಸಲು ಪದ್ಮಶ್ರೀ ತಂಗಿಯನ್ನು ಕಿಟಕಿಯ ಬೆಳಕಿಗೆ ಕೂಡಿಸಿದಳು. ಅವಳ ಕ್ಯಾಮೆರಾ ಮನುಷ್ಯರ ಕಣ್ಣನ್ನು ತಾನೇ ಹುಡುಕುವಂಥದು. ಕಣ್ಣು ಸಿಕ್ಕೊಡನೆ ಪರದೆಯಲ್ಲಿ ಅದರ ಮೇಲೆ ಪುಟ್ಟ ಹಸಿರು ಚೌಕ ಕೂರುತ್ತದೆ. ನಮ್ರತಾ ಎತ್ತ ಹೊರಳಿದರೂ ಚೌಕ ಅವಳ ಕಣ್ಣು ಬಿಡಲಿಲ್ಲ. ನಲವತ್ತು ಫೋಟೋ. ಒಂದೊಂದರಲ್ಲೂ ರೆಪ್ಪೆಯ ಕೂದಲು ಎಣಿಸಬಹುದಿತ್ತು.

ಅಂದೇ ಮಧ್ಯಾಹ್ನ ಮುಶಿಗೇರಿಯಿಂದ ಸಂಗನಬಸವ ಬಂದ. ಲಾರಿ ಓಡಿಸುವವನು. ಹಿಂದಿನ ದಿನವಷ್ಟೇ ತಾಯಿ ಬಾಳವ್ವನನ್ನು ಮಣ್ಣು ಮಾಡಿದ್ದ. ಮೊಬೈಲ್ ಮುಂದೆ ಹಿಡಿದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಗೋಡೆಗಾನಿಸಿ ಕೂಡಿಸಿದ ತಾಯಿ. ಕಣ್ಣು ಮುಚ್ಚಿತ್ತು.

“ಬ್ಯಾರೆ ಫೋಟೋ ಇಲ್ಲೇನ್ರಿ?”

“ಆಧಾರ ಕಾರ್ಡಿಂದ ಐತ್ರಿ. ಅದರಾಗ ನಮ್ಮವ್ವ ಅಲ್ರಿ, ಯಾರೋ ಕಳ್ಳಿ ಸಿಕ್ಕಿಬಿದ್ದಂಗ ಕಾಣ್ತಾಳ.” ನಗಲು ಹೋಗಿ ಅವನ ಬಾಯಿ ಸೊಟ್ಟಗಾಯಿತು. “ನಾ ಲೋಡ್ ತಗೊಂಡು ರತ್ನಾಗಿರಿಗೆ ಹೋಗಿದ್ನ್ರಿ. ಬರೂದರಾಗ ಕಣ್ಣ ಮುಚ್ಚಿದ್ಲು. ಕಡೀಕ ನನ್ನ ನೋಡ್ಲಿಲ್ರಿ. ಒಮ್ಮಿ ತೆರಸಿಕೊಡ್ರಿ ಅಕ್ಕಾರ.”

ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಕಾದ. ಪದ್ಮಶ್ರೀ ಕಪಾಟಿನ ತುದಿಯತ್ತ ನೋಡಿದಳು. ಕುಂಚದ ಕಣ್ಣು ಈ ಚಿತ್ರಕ್ಕೆ ಹಚ್ಚಿದರೆ ಗುಂಡಿ ಹೊಲಿದಂತೆ ಕಾಣುತ್ತಿತ್ತು. ಪರದೆಯ ಮೇಲೆ ಬೆಳಗಿನ ನಲವತ್ತು ಫೋಟೋ ತೆರೆದೇ ಇದ್ದವು. ನಮ್ರತಾಳ ಕಣ್ಣು. ನೀರಿನಂಥ, ಎದುರಿಗಿದ್ದವರನ್ನು ಪ್ರೀತಿಯಿಂದ ನೋಡುವ ಕಣ್ಣು. ಮಗನನ್ನು ನೋಡುವ ತಾಯಿಗೆ ಅಂಥವೇ ಬೇಕಲ್ಲವೆ? ಅವಳ ಮನಸ್ಸಿನಲ್ಲಿದ್ದದ್ದು ಕನಿಕರ, ಬೇರೇನಲ್ಲ. ಕತ್ತರಿಸಿದಳು. ಇಟ್ಟಳು. ಸುತ್ತ ನೆರಿಗೆ ಬರೆದಳು, ಪಾಪೆಯ ಅಂಚಿಗೆ ಬೂದು ಬಳಿದಳು.

ಚೌಕಟ್ಟು ಕೈಗೆ ಬಂದಾಗ ಸಂಗನಬಸವ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಅದನ್ನು ಹಣೆಗೊತ್ತಿಕೊಂಡು ಬಹಳ ಹೊತ್ತು ನಿಂತ. ಮರುದಿನ ಬಸ್ಸಿನ ಕಂಡಕ್ಟರ್ ಒಂದು ಗಂಟು ಶೇಂಗಾ ತಂದುಕೊಟ್ಟು, “ಮುಶಿಗೇರಿಯವರು ಕಳಸ್ಯಾರ್ರಿ,” ಎಂದ.

ಮೂರನೆಯ ದಿನ ನಮ್ರತಾಳ ಕಣ್ಣಿನಿಂದ ನೀರು ಸುರಿಯತೊಡಗಿತು. “ಊದಿನಕಡ್ಡಿ ಹಚ್ಚೀಯೇನು ಅಕ್ಕಾ? ಹೊಗಿ ಕಣ್ಣಾಗ ಹೋಗ್ಲಿಕ್ಕತ್ತದ.” ಅಂಗಡಿಯಲ್ಲಿ ಹೊಗೆ ಇರಲಿಲ್ಲ.

ಐದನೆಯ ದಿನ ಆಲ್ಬಂ ಜೋಡಿಸುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. “ನನ್ನ ಎದುರಿಗೆ ಯಾರೋ ಕೂತು ಅಳಲಿಕ್ಕತ್ತಾರ.” ಎದುರಿಗಿದ್ದದ್ದು ಟ್ರೈಪಾಡು.

ಗದಗಿನ ದವಾಖಾನೆಯಲ್ಲಿ ದೀಪ ಬಿಟ್ಟು ನೋಡಿದರು. ಏನೂ ದೋಷವಿಲ್ಲ ಎಂದರು. ಬರುವ ದಾರಿಯಲ್ಲಿ ನಮ್ರತಾ ಬಸ್ಸಿನ ಕಿಟಕಿಗೆ ಮುಖ ಮಾಡಿ ಮೆಲ್ಲಗೆ ಹೇಳಿದಳು. ಹೊಲ ಕಾಣುವುದಿಲ್ಲ, ಒಂದು ಮಣ್ಣಿನ ಗೋಡೆ ಕಾಣುತ್ತದೆ, ಗೋಡೆಗೆ ಒರಗಿಸಿದ ಒಂದು ಬೀಸುವ ಕಲ್ಲು ಕಾಣುತ್ತದೆ. ಪದ್ಮಶ್ರೀ ಅವಳ ಕೈ ಬಿಗಿಯಾಗಿ ಹಿಡಿದಳು. ಅಂದಿನಿಂದ ಅಕ್ಕನಿಗೆ ನಿದ್ದೆಯಿಲ್ಲ. ಊಟವಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು.

ಬಾಳವ್ವ ಹೋದ ಹನ್ನೊಂದನೆಯ ದಿನ ಬೆಳಿಗ್ಗೆ ನಮ್ರತಾ ಕಿರುಚಿದಳು. ಬಲಗಣ್ಣಿನ ಮೇಲೆ ಏನೋ ಹಳದಿಯದು ಬಿದ್ದಿದೆ. ಹೂವು. ಚಂಡುಹೂವಿನ ಮಾಲೆ. ಜಾರಿ ಕಣ್ಣು ಮುಚ್ಚಿದೆ. ತೆಗಿ ಅಕ್ಕಾ, ತೆಗಿ! ಅವಳ ಕಣ್ಣಿನ ಮೇಲೆ ಏನೂ ಇರಲಿಲ್ಲ.

ಪದ್ಮಶ್ರೀ ಯಾಕೆಂದು ತಿಳಿಯದೆಯೇ ಕ್ಯಾಮೆರಾ ಎತ್ತಿ ತಂಗಿಯತ್ತ ಹಿಡಿದಳು. ಅಗಲವಾಗಿ ತೆರೆದ ಕಣ್ಣು. ಹಸಿರು ಚೌಕ ಬರಲಿಲ್ಲ. ಹತ್ತಿರ ಹೋದಳು. ಬರಲಿಲ್ಲ. ಚೌಕ ಗೋಡೆಯ ಮೇಲೆ ಅಲೆಯಿತು, ಕಪಾಟಿನ ಮೇಲೆ ಅಲೆಯಿತು, ಏನನ್ನೋ ಹುಡುಕುವ ನೊಣದಂತೆ. ಪದ್ಮಶ್ರೀ ಕ್ಯಾಮೆರಾ ಕೆಳಗಿಟ್ಟಳು. ಹಳೆಯ ಫೋಟೋಗಳನ್ನು ತೆರೆದಳು. ಕಿಟಕಿಯ ಬೆಳಕು. ನಮ್ರತಾಳ ನಗು. ಮುಚ್ಚಿದ ಕಣ್ಣು. ಮುಂದಿನದು. ಮುಚ್ಚಿದ ಕಣ್ಣು. ಮುಂದಿನದು. ನಲವತ್ತೂ ಮುಚ್ಚಿದ್ದವು.

ಪ್ರಭುಲಿಂಗಪ್ಪನವರ ಮನೆ ಹಿಂದಿನ ಓಣಿಯಲ್ಲೇ. ಪದ್ಮಶ್ರೀ ಓಡಿದಳು. ಅವರು ಬೈಯಲಿಲ್ಲ. “ಯಾರ ಕಣ್ಣು? ಯಾರ ಮನೀ?” ಎಂದಷ್ಟೇ ಕೇಳಿದರು. ಕೇಳಿ, ಹೆಗಲಿಗೆ ಟವೆಲ್ ಹಾಕಿಕೊಂಡರು. “ಇವತ್ತ ಅವರ ಮನ್ಯಾಗ ಹನ್ನೊಂದನೇ ದಿನದ ಗಣಾರಾಧನಿ. ಸ್ವಾಮಿಗಳು ಪೂಜಿ ಮಾಡಿ ಫೋಟೋ ಗೂಡಿನಾಗ ಇಟ್ರಂದ್ರ ಮುಗೀತು. ಕಣ್ಣು ಸತ್ತಾಕಿಯವ ಆಗಿಬಿಡ್ತಾವು. ಲಗೂ ನಡಿ. ನಿನ್ನ ಕ್ಯಾಮೆರಾ, ಲ್ಯಾಪ್‌ಟಾಪು, ಪ್ರಿಂಟರ್ ತಗೋ.”

ಪಕ್ಕದ ಅಂಗಡಿಯವರಿಂದ ಇಸಿದುಕೊಂಡ ಕಾರು ಗಜೇಂದ್ರಗಡದ ದಾರಿ ಹಿಡಿಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಿಂದಿನ ಸೀಟಿನಲ್ಲಿ ನಮ್ರತಾ ತನಗೆ ಕಂಡದ್ದನ್ನು ಹೇಳುತ್ತಲೇ ಇದ್ದಳು.

“ಮಂದಿ ಬರ್ಲಿಕ್ಕತ್ತಾರ... ಯಾರೋ ನನ್ನ ಗಾಜು ಒರಸಲಿಕ್ಕತ್ತಾರ...”

“ಅಜ್ಜಾರ, ನಿಮ್ಮ ಡಬ್ಬಿ ತಂದೀನ್ರಿ. ಈ ಕಣ್ಣ ಹಚ್ಚಿದ್ರ?”

“ಇನ್ನ ನಡಿಯೂದಿಲ್ಲವಾ. ಜೀವಂತ ಕಣ್ಣಿನ ರುಚಿ ಹತ್ತಿದ್ದಕ್ಕ ಜೀವಂತ ಕಣ್ಣ ಬೇಕು. ಅದೂ ಮಾಟಾ ಮಾಡಿದವರದು, ಅವರಾಗಿ ಕೊಟ್ಟದ್ದು.” ಮುದುಕ ಮುಖ ಹೊರಳಿಸಿದರು. “ನನ್ನವು ನಡೀತಿದ್ರ ಕೊಡ್ತಿದ್ನೆವಾ. ನಾ ನೋಡೂದು ಮುಗದೈತಿ.”

ಪದ್ಮಶ್ರೀ ಗೇರ್ ಬದಲಿಸಿದಳು. ಆಕ್ಸಿಲರೇಟರ್ ಒತ್ತಿದಳು.

“ಸ್ವಾಮಿಗಳು ಬಂದ್ರು ಅಕ್ಕಾ... ಕೈಯಾಗ ಗಂಟಿ ಅದ... ನನ್ನ ಎತ್ತಲಿಕ್ಕತ್ತಾರ ಅಕ್ಕಾ!”

ಮುಶಿಗೇರಿಯ ಆ ಮನೆಯ ಅಂಗಳ ತುಂಬ ಚಪ್ಪಲಿ. ಪದ್ಮಶ್ರೀ ಮಂದಿಯನ್ನು ಸರಿಸಿ ಒಳನುಗ್ಗಿದಳು. ಮಣ್ಣಿನ ಗೋಡೆ. ಬೀಸುವ ಕಲ್ಲು. ಗೂಡಿನ ಮುಂದೆ ಸಂಗನಬಸವ ಚೌಕಟ್ಟು ಎತ್ತಿ ಹಿಡಿದಿದ್ದ. ಚಿತ್ರದಿಂದ ನಮ್ರತಾಳ ಕಣ್ಣು ತನ್ನ ಅಕ್ಕನನ್ನು ನೋಡಿದವು. ರೆಪ್ಪೆ ಬಡಿದವು.

“ಅದನ್ನ ಇಡಬ್ಯಾಡ್ರಿ!”

ಅವಳ ಮಾತು ಕೇಳಿ ಸಂಗನಬಸವ ಚೌಕಟ್ಟನ್ನು ಎದೆಗವಚಿಕೊಂಡ. “ಕೊಡೂದಿಲ್ರಿ. ನಮ್ಮವ್ವ ಈಗ ನನ್ನ ನೋಡಾಕತ್ತಾಳ. ಒಳಗ ಬಂದ್ರ ನೋಡ್ತಾಳ, ಹೊರಗ ಹ್ವಾದ್ರ ನೋಡ್ತಾಳ. ಮತ್ತ ಮುಚ್ಚಸ್ತೀರೇನು?”

ಆಗ ಅಡುಗೆಮನೆಯಿಂದ ಅವನ ಅಕ್ಕ ನಿರ್ಮಲಾ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಬಾಗಿಲಲ್ಲಿ ಗೋಡೆ ತಡವರಿಸುತ್ತ ನಿಂತ ನಮ್ರತಾಳನ್ನು ನೋಡಿದಳು. ಚಿತ್ರವನ್ನು ನೋಡಿದಳು. ಎರಡು ಸಲ ನೋಡಿದಳು.

“ಕೊಡೋ ತಮ್ಮಾ. ಅವ್ವ ಒಂದ ವಾಟಗಾ ಬೆಲ್ಲಾ ಇಸ್ಕೊಂಡ್ರ ಸಂಜಿಗಿ ತಿರುಗಿ ಕೊಡ್ತಿದ್ಲು. ಮಂದೀದು ಇಟ್ಕೊಂಡಾಕಿ ಅಲ್ಲ.”

ಸಂಗನಬಸವ ಅಳುತ್ತಲೇ ಕೊಟ್ಟ. ಸ್ವಾಮಿಗಳು ಗಂಟೆ ಕೆಳಗಿಟ್ಟರು.

ಟ್ರೈಪಾಡು ನಿಂತಿತು. ಪದ್ಮಶ್ರೀ ಕ್ಯಾಮೆರಾದ ಎದುರು ತಾನೇ ಕೂತಳು. ಹಸಿರು ಚೌಕ ಒಮ್ಮೆಲೇ ಅವಳ ಕಣ್ಣಿನ ಮೇಲೆ ಬಂದು ಕೂತಿತು. ಹಸಿದದ್ದಕ್ಕೆ ತುತ್ತು ಸಿಕ್ಕಂತೆ. ಲ್ಯಾಪ್‌ಟಾಪಿನಲ್ಲಿ ಬಾಳವ್ವನ ಚಿತ್ರದಿಂದ ತಂಗಿಯ ಕಣ್ಣು ತೆಗೆದಳು, ತನ್ನವನ್ನು ಇಟ್ಟಳು. ಇನ್ನೊಂದು ಗುಂಡಿ ಒತ್ತಬೇಕು. ಕಿಟಕಿಯ ಹೊರಗಿನ ಬೇವಿನ ಮರವನ್ನು ನೋಡಿದಳು. ಎಲೆಗಳನ್ನು ಒಂದೊಂದಾಗಿ ನೋಡಿದಳು. ತಂಗಿಯ ಮುಖ ನೋಡಿದಳು. ಒತ್ತಿದಳು.

ಮದುವೆ ಮಂಟಪದಲ್ಲೇ ಫೋಟೋ ಕೊಡುವ ಆ ಪ್ರಿಂಟರಿನಲ್ಲಿ ಕಾಗದ ನಾಲ್ಕು ಸಲ ಹೊರಬಂದು ಒಳಹೋಗುತ್ತದೆ. ಮೂರು ಸಲ ಒಂದೊಂದು ಬಣ್ಣ, ಕಡೆಗೆ ಹೊಳಪಿನ ಪದರ.

ಕಾಗದ ಹೊರಬಂತು. ಹಳದಿ. ಪದ್ಮಶ್ರೀಯ ಎದುರಿಗಿದ್ದ ಚಂಡುಹೂವು ಬೂದು ಬಣ್ಣಕ್ಕೆ ತಿರುಗಿತು.

“ಅಕ್ಕಾ, ಚಂಡುಹೂವು ಕಾಣಸ್ತು!” ಎಂದಳು ನಮ್ರತಾ. “ಇಲ್ಲಿ, ಬಾಗಿಲದಾಗಿನ್ವು!”

ಒಳಹೋಯಿತು. ಹೊರಬಂತು. ಕೆಂಪು. ಕುಂಕುಮ ಕರಗಿತು. ನಿರ್ಮಲಾಳ ಕೆಂಪು ಸೀರೆ ಕರಗಿತು.

“ಎಲ್ಲಾ ಕಾಣಲಿಕ್ಕತ್ತದ! ಅಕ್ಕಾ!”

ಹೊರಬಂತು. ನೀಲಿ. ಕಿಟಕಿಯ ಆಕಾಶ ಹೋಯಿತು. ಮರ ಹೋಯಿತು. ಬರಿಯ ಬಿಳಿ. ಯಂತ್ರ ಕರಕರ ಸದ್ದು ಮಾಡಿತು. ಒಂದು ಬಾಕಿ. ಹೊಳಪಿನ ಪದರ. ಅವಳು ತಂಗಿಯ ದನಿಯತ್ತ ಮುಖ ತಿರುಗಿಸಿದಳು. ನೋಡಬೇಕು. ಇನ್ನೊಂದು ಸಲ. ಕಾಗದ ಒಳಹೋಯಿತು.

ಕತ್ತಲು.

“ಅಕ್ಕಾ, ನನ್ನ ನೋಡು. ನಿನ್ನ ಮಾರಿ ಚಂದ ಕಾಣಲಿಕ್ಕತ್ತದ... ಅಕ್ಕಾ? ಎಲ್ಲಿ ನೋಡ್ಲಿಕ್ಕತ್ತಿ? ನಾ ಇಲ್ಲಿದ್ದೀನಿ.”

ಪ್ರಭುಲಿಂಗಪ್ಪ ಹಳೆಯ ಚಿತ್ರವನ್ನು ಚೌಕಟ್ಟಿನಿಂದ ತೆಗೆದರು. ಅದರಲ್ಲಿ ಬಾಳವ್ವ ಕಣ್ಣು ಮುಚ್ಚಿದ್ದಳು. ಹೊಸದನ್ನು ಸೇರಿಸಿದರು. ಗಂಟೆ ಮತ್ತೆ ಮೊಳಗಿತು. ಸಂಗನಬಸವ ಚೌಕಟ್ಟನ್ನು ಎತ್ತಿ ಗೂಡಿನಲ್ಲಿ ಇಟ್ಟ.

ಆಗ ಪದ್ಮಶ್ರೀಗೆ ಮತ್ತೆ ಕಂಡಿತು.

ಗೂಡಿನ ಎತ್ತರದಿಂದ ಕಂಡಿತು. ಕೆಳಗೆ ಪಂಕ್ತಿ ಕೂತ ಮಂದಿ, ಹುಗ್ಗಿ ಬಡಿಸುವ ಕೈಗಳು, ತಲೆಯೆತ್ತಿ ತನ್ನನ್ನೇ ನೋಡುವ ಸಂಗನಬಸವ. ಬೀಸುವ ಕಲ್ಲಿನ ಪಕ್ಕ ಒಬ್ಬ ಹೆಂಗಸು ಗೋಡೆಗಾನಿಸಿ ಕೂತಿದ್ದಳು. ಕಣ್ಣು ತೆರೆದಿದ್ದವು, ಯಾವುದರ ಮೇಲೂ ನಿಂತಿರಲಿಲ್ಲ. ಅವಳ ಮಡಿಲಲ್ಲಿ ಮುಖವಿಟ್ಟು ನಮ್ರತಾ ಅಳುತ್ತಿದ್ದಳು. ಆ ಹೆಂಗಸಿನ ಕೈ ತಂಗಿಯ ತಲೆ ಸವರುತ್ತಿತ್ತು. ಆ ಕೂದಲು ಮೆತ್ತಗಿರುವುದು ಪದ್ಮಶ್ರೀಯ ಬೆರಳಿಗೆ ತಿಳಿಯುತ್ತಿತ್ತು. ನಾಳೆ ರೋಣಕ್ಕೆ ಹೋದರೂ, ಹುಬ್ಬಳ್ಳಿಗೆ ಹೋದರೂ, ಕಾಣುವುದು ಇದೇ ಕೋಣೆ.

ಅಡುಗೆಮನೆಯಿಂದ ನಿರ್ಮಲಾ ಬರುವುದು ಕಂಡಿತು. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯೆ, ಒಂದು ಬದಿಗೆ ಹುಗ್ಗಿ. ಅವಳು ಆ ಹೆಂಗಸಿನ ಮುಂದೆ ಮೊಣಕಾಲೂರಿ ಕೂತಳು. ರೊಟ್ಟಿ ಮುರಿದು, ಪಲ್ಯೆ ಸುತ್ತಿ, ಅವಳ ಬಲಗೈ ಹಿಡಿದು ಬಿಡಿಸಿ, ಅಂಗೈಯಲ್ಲಿ ಇಟ್ಟಳು.