ಹದಿನೆಂಟು ಅಡಿ ಕಲ್ಲು

“ಚಾಚಿ, ನಮ್ಮ ಮನಿಯವ್ರನ್ನ ಮಧ್ಯಾಹ್ನಕ್ಕ ಠಾಣೆಕ್ಕ ಒಯ್ತಾರಂತ. ಏನರ ಮಾಡ್ರಿ,” ಎನ್ನುತ್ತ ಕಲ್ಲುಕುಟಿಗ ಅಲ್ತಾಫನ ಹೆಂಡತಿ ನಾಹೀದ ಬಾಗಿಲಲ್ಲೇ ಕುಸಿದು ಕೂತಳು.

ಕಾಶೀಂಬಿ ಚಾಚಿ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಸೂಡಿಯಲ್ಲಿ ನೆಲೆಸಿದವರು. ಊರಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಅವರ ಕಟ್ಟೆಗೇ. ಅವರನ್ನು ಸ್ಕೂಟಿಯ ಮೇಲೆ ಕರೆದೊಯ್ಯುವವಳು ನಾನು. ನಮ್ಮಜ್ಜಿ ಹೊನ್ನವ್ವ ತೀರಿಕೊಂಡು ಹದಿನಾರು ದಿನವಾಗಿತ್ತು. ಅಂದಿನಿಂದ ನನಗೆ ಅಳು ಬಂದಿರಲಿಲ್ಲ. ಹಸಿವು, ಬಾಯಾರಿಕೆಯೂ ತಿಳಿದಿರಲಿಲ್ಲ. ಅಜ್ಜಿ ಮಾಡುತ್ತಿದ್ದುದನ್ನೆಲ್ಲ ಕೈಗಳು ತಾವೇ ಮಾಡುತ್ತಿದ್ದವು. ಸಂಜೆ ಹಳೇ ಬಾವಿಗೆ ಹೋಗುವುದೂ ಅದರಲ್ಲೊಂದು.

ಊರಿನ ಹಳೇ ಗುಡಿಯ ಮುರಿದ ತೊಲೆಗೆ ಬದಲಾಗಿ ಹದಿನೆಂಟು ಅಡಿಯ ಹೊಸ ಕಲ್ಲು ಬಂದು ಅಂಗಳದಲ್ಲಿ ಮಲಗಿತ್ತು. ಇಂಥವನ್ನು ಕ್ರೇನಿಲ್ಲದ ಕಾಲದಲ್ಲಿ ಹೇಗೆ ಏರಿಸಿದರೋ ಎಂದು ಬಂದವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ಅಜ್ಜಿಗೆ ಗೊತ್ತಿತ್ತು: ರಾಕ್ಷಸರು ಗುಡ್ಡದಿಂದ ಹೆಗಲ ಮೇಲೆ ಹೊತ್ತು ತಂದರು. ದೂರದಿಂದ ಬಂದ ಕಲ್ಲನ್ನು ದಣಿದ ನೆಂಟರ ಹಾಗೆ ಉಪಚರಿಸಬೇಕು ಎನ್ನುತ್ತಿದ್ದಳು.

ನಾವು ಹೋಗಿ ನೋಡಿದಾಗ ಆ ಕಲ್ಲು ನಡುವೆ ಎರಡಾಗಿತ್ತು.

“ಈ ಅಲ್ತಾಫಗ ಮೊನ್ನೆ ಬೈದಿದ್ದೆ. ಆ ಸಿಟ್ಟಿಗೆ ಒಡದಾನ್ರಿ,” ಎಂದ ಗುತ್ತಿಗೆದಾರ ಅನಿಲಕುಮಾರ.

“ಮೂರು ತಿಂಗಳ ಇದರ ಸಂಗಾಟ ಗುಡ್ಡದಾಗ ಇದ್ದೇನ್ರಿ ಸಾವಕಾರ. ನನ್ನ ಕಲ್ಲು ನಾನ ಒಡಕೊಳ್ಳಾಕ ನನಗೇನ ಹುಚ್ಚೇನ್ರಿ?” ಎಂದ ಅಲ್ತಾಫ.

ಅವನು ಒಂದು ಅಂಚು ತೆಗೆಯಲು ಉದ್ದಕ್ಕೂ ಕುಳಿ ತೋಡಿ, ಒಣ ಜಾಲಿಯ ಬೆಣೆ ಬಡಿದಿದ್ದ. ಎಲ್ಲಕ್ಕೂ ಒಟ್ಟಿಗೆ ನೀರುಣಿಸಿದರೆ ಬೆಣೆ ಉಬ್ಬಿ ಅಂಚು ನೇರವಾಗಿ ಸೀಳುತ್ತದೆ. ಅದು ಬರುವ ಶುಕ್ರವಾರದ ಕೆಲಸವಾಗಿತ್ತು. ಅಲ್ಲಿಯವರೆಗೆ ಗೋಣಿಚೀಲ ಹೊದಿಸಿದ್ದ.

ಚಾಚಿ ಬೆಣೆಗಳನ್ನು ಒಂದೊಂದಾಗಿ ಅಲುಗಾಡಿಸಿದರು. ತುದಿಯವು ಸಡಿಲ. ನಡುವಿನ ಮೂರು ಮಾತ್ರ ಉಬ್ಬಿ ಬಿಗಿದಿದ್ದವು. ಗೋಣಿಚೀಲ ನಾಲ್ಕು ಮಡಿಕೆಯಾಗಿ ಪಕ್ಕದಲ್ಲಿತ್ತು.

“ಇಲ್ಲಿ ಯಾವ ನೀರು ಬಳಸ್ತೀರಿ?”

“ಬೋರಿಂದ್ರಿ. ಬರೇ ಸವಳ. ನೋಡ್ರಿ, ಎಲ್ಲಾ ಕಲ್ಲಿಗೂ ಬಿಳಿ ಕಲೆ,” ಎಂದ ಅಲ್ತಾಫ.

ಒಡೆದ ಕಲ್ಲಿನ ಕುಳಿಗಳಲ್ಲಿ ಬಿಳಿ ಕಲೆ ಇರಲಿಲ್ಲ. ಚಾಚಿ ನನ್ನ ಸ್ಕೂಟಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಅಜ್ಜಿಯ ತಾಮ್ರದ ತಂಬಿಗೆ ತೂಗುತ್ತಿತ್ತು.

ಎಲ್ಲರನ್ನೂ ಗುಡಿಯ ನೆರಳಿಗೆ ಕರೆದು ಅವರು ಹೇಳಿದರು: “ಅಲ್ತಾಫ ಹಾಕಿದ್ರ ಎಲ್ಲಾ ಬೆಣಿಗೂ ಹಾಕ್ತಿದ್ದ. ಇದು ಒಂದ ಕಡೆ ಸುರದದ್ದು, ಅದೂ ಮ್ಯಾಲಿಂದ ಮ್ಯಾಲೆ. ಹಂಗಾಗಿ ಬಿರುಕು ಅಂಚು ಬಿಟ್ಟು ನಡುವ ಓಡ್ತು. ಸಿಟ್ಟಿಲೆ ಬಂದಾಂವ ಚೀಲ ಮಡಚಿಡೂದಿಲ್ಲ. ಕಲೆ ಬೀಳದ ಸಿಹಿ ನೀರು ಹಳೇ ಬಾವ್ಯಾಗ ಮಾತ್ರ ಐತಿ. ಮನಿಮನಿಗೆ ನಳ ಬಂದ ಮ್ಯಾಲೆ ಅಲ್ಲಿಗೆ ಹೊನ್ನವ್ವ ಒಬ್ಬಾಕೀನ ಹೋಗ್ತಿದ್ಲು.”

“ಆಕಿ ಸತ್ತ ಹೋಗ್ಯಾಳಲ್ರಿ!” ಎಂದ ಅನಿಲಕುಮಾರ.

ಚಾಚಿ ನನ್ನ ಕಡೆ ನೋಡದೆ ಸೆರಗಿನಿಂದ ಮುಖ ಒರೆಸಿಕೊಂಡರು. ಅವರು ನನ್ನ ಹೆಸರು ಹೇಳುವುದಿಲ್ಲ ಎಂದು ನನಗೆ ಅರ್ಥವಾಯಿತು. ನಾಹೀದ ಗಂಡನ ತೋಳು ಹಿಡಿದು ನಿಂತಿದ್ದಳು.

“ನಾನ ಹಾಕೀನ್ರಿ,” ಎಂದೆ. ದನಿ ಬೇರೆ ಯಾರದೋ ಅನಿಸಿತು. “ನಾಕು ಸಂಜಿ, ಒಂದೊಂದು ತಂಬಿಗಿ. ದೂರದಿಂದ ಬಂದ ಕಲ್ಲಿಗೆ ಅಜ್ಜಿ ಇದ್ದಿದ್ರ ಹಾಕ್ತಿದ್ಲು. ಬೆಣಿ ಉಬ್ಬತಾವು ಅಂತ ನನಗ ಗೊತ್ತಿರಲಿಲ್ರಿ. ಕಂಪ್ಲೇಂಟ್ ನನ್ನ ಹೆಸರಿಗೆ ಬರೀರಿ.”

ಅನಿಲಕುಮಾರ ನನ್ನನ್ನೂ ಕಲ್ಲನ್ನೂ ನೋಡಿ, ಫೋನ್ ಹಚ್ಚಿ, “ಬರಬ್ಯಾಡ್ರಿ ಸಾಹೇಬ್ರ, ತಪ್ಪು ತಿಳವಳಿಕಿ ಆಗಿತ್ತು,” ಎಂದ.

ಅಲ್ತಾಫ ಕಲ್ಲಿನ ಬಳಿ ಹೋಗಿ ಅದರ ಒಡೆದ ಮುಖವನ್ನು ಅಂಗೈಯಿಂದ ಸವರಿದ. ಆಮೇಲೆ ತಲೆಯೆತ್ತಿದ.

“ಮುಂದಿನ ಕಲ್ಲಿಗೂ ನೀರು ಹಾಕವಾ, ತಂಗಿ. ಆದ್ರ ಬೆಣಿ ಬಡಿಯೂಕಿಂತ ಮದಲ ಹಾಕು.”

ನಾಹೀದ ಅಳುತ್ತಲೇ ನಕ್ಕಳು. ಚಾಚಿ ತಂಬಿಗೆ ಇಳಿಸಿ ನನ್ನ ಕೈಗಿಟ್ಟರು. ತಳದಲ್ಲಿ ನಿನ್ನೆಯ ಬಾವಿ ನೀರು ಸ್ವಲ್ಪ ಉಳಿದಿತ್ತು.

ಹದಿನಾರು ದಿನಗಳಲ್ಲಿ ಮೊದಲ ಸಲ ನನಗೆ ಬಾಯಾರಿತು.