ಸ್ಪ್ರಿಂಕ್ಲರ್ ನಿಂತ ಬೆಳಿಗ್ಗೆ

ಸುಂಟಿಕೊಪ್ಪ ದಾಟಿದ ಮೇಲಿನ ತಿರುವಿನಲ್ಲಿ ಕಾವ್ಯಶ್ರೀ ಇನ್ನೊಮ್ಮೆ ಕಾರಿಗೆ ಕೇಬಲ್ ಸಿಕ್ಕಿಸಿದಳು. ಚಾರ್ಜರಿನ ಹಸಿರು ದೀಪ ಹತ್ತಿತು, ಕಾರು ಜೀವ ಬಂದಂತೆ ನಟಿಸಿತು, ಮತ್ತೆ ಎಲ್ಲ ಆರಿತು.

"ನಿಮ್ಮ ಲೈನ್ ಸರಿ ಇಲ್ಲ" ಎಂದಳು.

"ಲೈನ್ ಸರಿ ಇದೆ ಮೇಡಂ. ತಿಂಗಳು ಸರಿ ಇಲ್ಲ" ಎಂದ ಕರೆಂಟ್ ಆಫೀಸಿನ ಎಂಜಿನಿಯರ್ ಕೀರ್ತಿಕುಮಾರ್.

ಕೊಡಗಿನಲ್ಲಿ ಎಲ್ಲೆಲ್ಲಿ ಚಾರ್ಜರ್ ಬೇಕೆಂದು ನಕ್ಷೆ ಹಾಕಿದವಳು ಅವಳೇ. ಲೋಡ್ ಅಳೆದದ್ದು ಡಿಸೆಂಬರಿನಲ್ಲಿ. ಈಗ ಮಾರ್ಚ್, ಹೂಮಳೆ ಕೈಕೊಟ್ಟಿತ್ತು. ಕಾಫಿ ಮೊಗ್ಗು ಅರಳಲೆಂದು ತೋಟದವರೆಲ್ಲ ಒಟ್ಟಿಗೇ ಪಂಪ್ ಹಾಕಿ ಸ್ಪ್ರಿಂಕ್ಲರ್ ಬಿಟ್ಟಿದ್ದರು. ವೋಲ್ಟೇಜ್ ನೆಲ ಕಚ್ಚಿತ್ತು. ಕುಶಾಲನಗರದ ಶುಂಠಿ ಬೆಳೆಯುವ ಮನೆಯ ಹುಡುಗಿಯಾದ ಅವಳಿಗೆ ಕಾಫಿಯ ಬಾಯಾರಿಕೆ ಹೊಳೆದಿರಲಿಲ್ಲ.

"ನಾಳೆ ಮಡಿಕೇರಿಯಿಂದ ಸಾಹೇಬ್ರು ಬರ್ತಾರೆ. ಇದು ಓಡ್ಲಿಲ್ಲ ಅಂದ್ರೆ ಇಡೀ ಜಿಲ್ಲೆ ಪ್ಲಾನ್ ಮೂಲೆ ಸೇರುತ್ತೆ. ಒಂದು ಗಂಟೆ ಪಂಪ್ ನಿಲ್ಲಿಸೋಕೆ ಹೇಳಿ."

"ಹೂ ಬಿಡೋ ಹೊತ್ತಲ್ಲಿ ನಿಲ್ಲಿಸೋದಾ? ಮುಹೂರ್ತಕ್ಕೆ ಬಂದವರ ಹತ್ರ, ತಾಳಿ ನಾಳೆ ಕಟ್ಟುವ ಅಂದ ಹಾಗಾಗ್ತದೆ." ಆಮೇಲೆ ಅವಳ ಮುಖ ನೋಡಿದ. ನೋಡಬಾರದಿತ್ತು. "ಸರಿ, ಕೇಳಿ ನೋಡ್ತೇನೆ."

ಮರುದಿನ ಬೆಳಿಗ್ಗೆ ಸ್ಪ್ರಿಂಕ್ಲರ್‌ಗಳ ಚಿಕ್‌ಚಿಕ್ ಸದ್ದು ತೋಟದಿಂದ ತೋಟಕ್ಕೆ ನಿಲ್ಲುತ್ತ ಬಂತು. ದೀಪ ಹತ್ತಿತು, ಆರಲಿಲ್ಲ. ಕಾರು ಚಾರ್ಜ್ ಆಗುವುದನ್ನು ಸಾಹೇಬರು ಕೂಸಿಗೆ ಹಾಲು ಕುಡಿಸುವವರಷ್ಟು ಗಮನದಿಂದ ನೋಡಿದರು.

ಕಾವ್ಯಶ್ರೀ ಮುಚ್ಚಿಡಲಿಲ್ಲ. "ಸಾರ್, ಇವತ್ತು ಓಡ್ತಿರೋದು ತೋಟದವರ ದಯೆಯಿಂದ. ಇಲ್ಲಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು."

"ಪ್ಲಾನಿಗೆ ಸೇರಿಸಿ ಕಳಿಸಿ. ಮಂಜೂರು ಮಾಡೋಣ" ಎಂದರು ಸಾಹೇಬರು.

ಅವರ ಜೀಪು ಹೋದದ್ದೇ, ಎದುರು ತೋಟದ ಬೊಳ್ಳಮ್ಮ ಕಾಫಿ ಫ್ಲಾಸ್ಕ್ ಹಿಡಿದು ಬಂದರು. ಸಾಹೇಬರು ಕಾರನ್ನು ನೋಡಿದ್ದಕ್ಕಿಂತ ಹೆಚ್ಚು ಕೂಲಂಕಷವಾಗಿ ಕಾವ್ಯಶ್ರೀಯನ್ನು ನೋಡಿದರು.

"ಆಂಟಿ, ನೀರು ನಿಲ್ಲಿಸಿದ್ರಲ್ಲ, ನಿಮ್ಮ ಉಪಕಾರ ಮರೆಯಲ್ಲ."

"ಸರ್ಕಾರಕ್ಕೆ ನಾನು ನಿಲ್ಲಿಸ್ತಿದ್ನಾ? ಇವ ಮನೆಮನೆಗೆ ಬಂದು, 'ನಾನು ಮದುವೆ ಆಗೋ ಹುಡುಗಿಯ ಕೆಲಸ ಆಂಟಿ' ಅಂದ. ಮತ್ತೆ ಹೇಗೆ ಇಲ್ಲ ಅನ್ನೋದು? ಪರಸ್ಪರ ಮಾತು ಬಿಟ್ಟ ತೋಟದವರೂ ನಿಲ್ಲಿಸಿದ್ದಾರೆ. ಮದುವೆಗೆ ಕರೀಬೇಕು, ಆಯ್ತಾ?"

ಕೀರ್ತಿಕುಮಾರನಿಗೆ ಮೀಟರ್ ಬಾಕ್ಸಿನಲ್ಲಿ ಇದ್ದಕ್ಕಿದ್ದಂತೆ ಅಪಾರ ಆಸಕ್ತಿ ಹುಟ್ಟಿತು.

ಬೊಳ್ಳಮ್ಮ ಫ್ಲಾಸ್ಕ್ ಕೊಟ್ಟು ಹೋದ ಮೇಲೆ ಕಾವ್ಯಶ್ರೀ ಕೇಳಿದಳು: "ಎಲ್ಲರಿಗೂ ಹೇಳಿದ್ರಾ?"

"ಈ ಲೈನಿನವರಿಗೆಲ್ಲ."

"ನನ್ನೊಬ್ಬಳನ್ನ ಬಿಟ್ಟು."

"ಅವರ ಹತ್ರ ಹೇಳೋದು ಸುಲಭ ಇತ್ತು." ಅವನ ಕಿವಿ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. "ತಪ್ಪಾಯ್ತು. ನಿಮಗೆ ಬೇಡ ಅಂದ್ರೆ ಮತ್ತೆ ಎಲ್ಲ ಮನೆಗೂ ಹೋಗಿ, ನಾನು ಸುಳ್ಳು ಹೇಳಿದ್ದು ಅಂತ ಒಪ್ಪಿಕೊಂಡು ಬರ್ತೇನೆ."

ಪಂಪುಗಳು ಮತ್ತೆ ಶುರುವಾಗಿದ್ದವು. ಕಾವ್ಯಶ್ರೀ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಒಂದು ಗುಟುಕು ಕುಡಿದು, ಅದನ್ನೇ ಅವನ ಕೈಗಿಟ್ಟಳು. ಹೆಸರೂ ಗೊತ್ತಿಲ್ಲದ ಎಷ್ಟು ಜನ ಅವಳಿಗಾಗಿ ಹೂವಿಗೆ ಕಾಯಲು ಹೇಳಿದ್ದರು! ಅಷ್ಟೂ ಜನರ ಬಗೆಗಿನ ಕೃತಜ್ಞತೆಗೆ ಸದ್ಯ ಎದುರಿಗಿದ್ದದ್ದು ಈ ಒಂದು ಮುಖ. ಅದೇನೂ ನಷ್ಟವೆನಿಸಲಿಲ್ಲ.

"ಅಷ್ಟು ಒಳ್ಳೆಯವರಿಗೆ ಯಾಕೆ ಮೋಸ ಮಾಡ್ತೀರಿ?" ಎಂದಳು. "ಹೇಳಿದ್ದು ಹೇಳಿಯಾಗಿದೆ. ಒಂದು ಮನೆ ಮಾತ್ರ ಬಾಕಿ ಇದೆ. ಕುಶಾಲನಗರದಲ್ಲಿ, ನಮ್ಮಪ್ಪಂದು."

"ಈಗಲೇನಾ?"

ಅವಳು ಕೇಬಲ್ ಬಿಚ್ಚಿ ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಕಾರ್ ಫುಲ್ ಚಾರ್ಜ್ ಆಗಿದೆ. ಹತ್ತಿ."